ಮನೆಯೊಳಗಿನ ದೊಡ್ಡ ಜೇಡ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ತಕ್ಕಮಟ್ಟಿಗೆ ಬಯಲುಸೀಮೆಯ ಹಳೆಯ ಮನೆಗಳಲ್ಲೂ, ರಾತ್ರಿ ಬಚ್ಚಲುಮನೆಯ ದೀಪ ಹಾಕಿದಾಗ ಗೋಡೆಯ ಮೇಲೆ ಅಂಗೈಯಗಲಕ್ಕೆ ಕಾಲು ಚಾಚಿ ಕುಳಿತ ಕಂದು ಜೇಡವನ್ನು ಕಾಣದವರು ಕಡಿಮೆ. ಅದು ತೋಟದಿಂದ ದಾರಿ ತಪ್ಪಿ ಒಳಗೆ ಬಂದದ್ದೆಂದೂ, ಕಚ್ಚಿದರೆ ಪ್ರಾಣಕ್ಕೇ ಸಂಚಕಾರವೆಂದೂ, ಮೈಮೇಲೆ ಹರಿದರೆ ಗುಳ್ಳೆ ಏಳುತ್ತದೆಂದೂ ಜನರಲ್ಲಿ ನಂಬಿಕೆಯಿದೆ. ಈ ಮೂರರಲ್ಲಿ ಒಂದೂ ಸರಿಯಲ್ಲ. ಹೆಟೆರೊಪೋಡ ವೆನಟೋರಿಯ ಎಂಬ ಶಾಸ್ತ್ರೀಯ ಹೆಸರಿನ ಈ ಜೇಡ ಸ್ಪರಾಸಿಡೇ ಎಂಬ ಕುಟುಂಬಕ್ಕೆ ಸೇರಿದ್ದು, ಬಲೆ ಹೆಣೆದು ಕಾಯುವ ಬದಲು ಓಡಿ ಹಿಡಿಯುವ ಸ್ವಭಾವದಿಂದಾಗಿ ಇಂಗ್ಲಿಷಿನಲ್ಲಿ ಈ ಕುಟುಂಬದ ಜೇಡಗಳನ್ನು ಹಂಟ್ಸ್‌ಮನ್, ಅಂದರೆ ಬೇಟೆಗಾರ ಜೇಡಗಳು ಎಂದು ಕರೆಯುತ್ತಾರೆ. ಮನುಷ್ಯನ ಕಟ್ಟಡಗಳಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡ ದೊಡ್ಡ ಜೇಡ ಇನ್ನೊಂದಿಲ್ಲವೆಂದರೂ ನಡೆದೀತು. ಆದ್ದರಿಂದ ಅದರೊಡನೆ ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು, ಅದು ಒಳಗೆ ಏಕಿದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಮನೆಯ ಜೇಡಗಳೆಲ್ಲ ಒಂದೇ ಬಗೆಯವಲ್ಲ. ಸೂರಿನ ಮೂಲೆಗಳಲ್ಲಿ ಧೂಳು ಹಿಡಿದು ಜೋತುಬೀಳುವ, ಹಬ್ಬಕ್ಕೆ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ತೆಗೆಯಬೇಕಾಗುವ ಬಲೆಗಳು ಹೆಚ್ಚಾಗಿ ಫೋಲ್ಸಿಡೇ ಕುಟುಂಬದ, ಎಳೆಯಷ್ಟು ಸಣ್ಣ ಉದ್ದ ಕಾಲುಗಳ, ಮುಟ್ಟಿದರೆ ಬಲೆಯ ಸಮೇತ ಗಡಗಡ ನಡುಗುವ ಜೇಡಗಳವು. ಕಿಟಕಿಯ ಚೌಕಟ್ಟಿನ ಮೇಲೆ ಹಗಲು ಹೊತ್ತಿನಲ್ಲೇ ನೆಗೆನೆಗೆದು ನೊಣ ಹಿಡಿಯುವ ಪುಟ್ಟ ಜೇಡ ಸಾಲ್ಟಿಸಿಡೇ ಎಂಬ ಬೇರೆ ಕುಟುಂಬದ್ದು. ದೊಡ್ಡ ಜೇಡಕ್ಕೆ ಬೇಟೆಯ ಬಲೆಯೇ ಇಲ್ಲ. ನೂಲು ತೆಗೆಯುವ ಅಂಗ ಅದಕ್ಕೂ ಇದೆಯಾದರೂ ಅದನ್ನು ಮುಖ್ಯವಾಗಿ ಮೊಟ್ಟೆಯ ಚೀಲ ಕಟ್ಟುವುದಕ್ಕೆ ಬಳಸುತ್ತದೆ. ಹೀಗಾಗಿ ವರ್ಷಕ್ಕೆರಡು ಸಲ ಬಲೆ ತೆಗೆದು ಮನೆಯನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ಈ ಜೇಡಕ್ಕೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಅದು ಕಂಡ ಮಾತ್ರಕ್ಕೆ ಮನೆಯೊಡತಿಯ ಶುಚಿತ್ವದ ಮೇಲೆ ಆಡುವ ಮಾತುಗಳಿಗೆ ಅರ್ಥವೂ ಇಲ್ಲ.

ಬೆಳೆದ ಹೆಣ್ಣಿನ ಮೈ ಎರಡೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ, ಕಾಲು ಚಾಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳರಿಂದ ಹನ್ನೆರಡು ಸೆಂಟಿಮೀಟರ್‌ವರೆಗೆ ಅಳತೆ ಬರುತ್ತದೆ. ಗಂಡಿನ ಮೈ ಸಣ್ಣದು, ಕಾಲು ಮಾತ್ರ ಇನ್ನಷ್ಟು ಉದ್ದ. ತಲೆ ಮತ್ತು ಎದೆ ಕೂಡಿಕೊಂಡಿರುವ ಮುಂಭಾಗವನ್ನು ಶಿರೋವಕ್ಷವೆನ್ನುತ್ತಾರೆ. ಅದರ ಮುಂದಿನ ಅಂಚಿನಲ್ಲಿ, ಕಣ್ಣುಗಳ ಕೆಳಗೆ, ಮೀಸೆ ಬರೆದ ಹಾಗೆ ಒಂದು ಮಾಸಲು ಬಿಳಿಯ ಪಟ್ಟಿ ಅಡ್ಡಕ್ಕೆ ಹಾದಿರುತ್ತದೆ. ಈ ಜೇಡವನ್ನು ಗುರುತಿಸಲು ಇಷ್ಟು ಸಾಕು. ಎಂಟು ಕಣ್ಣುಗಳು ನಾಲ್ಕು ನಾಲ್ಕರ ಎರಡು ಸಾಲಿನಲ್ಲಿದ್ದು, ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಅವು ಮಿನುಗುತ್ತವೆ. ಸಾಮಾನ್ಯ ಜೇಡಗಳ ಕಾಲುಗಳು ಮುಂದಕ್ಕೂ ಹಿಂದಕ್ಕೂ ಮಡಿಸಿಕೊಂಡಿದ್ದರೆ, ಈ ಕುಟುಂಬದವುಗಳ ಕಾಲಿನ ಬುಡ ತಿರುಚಿಕೊಂಡಿರುವುದರಿಂದ ಎಲ್ಲವೂ ಏಡಿಯ ಕಾಲುಗಳಂತೆ ಪಕ್ಕಕ್ಕೆ ಹರಡಿ ಗೋಡೆಗೆ ಒತ್ತಿಕೊಂಡಿರುತ್ತವೆ. ಮೈಯೂ ಚಪ್ಪಟೆ. ಅಗಲ ಹೆಚ್ಚು, ದಪ್ಪ ಕಡಿಮೆ ಇರುವ ಈ ಆಕಾರವೇ ಅದರ ಬದುಕಿನ ರೀತಿಯನ್ನೆಲ್ಲ ನಿರ್ಧರಿಸುತ್ತದೆ, ಏಕೆಂದರೆ ಬೆರಳು ತೂರದ ಸಂದಿಯಲ್ಲೂ ಈ ಜೇಡ ಹಗಲಿಡೀ ಆರಾಮವಾಗಿ ಇರಬಲ್ಲದು.

ಕಾಡಿನಲ್ಲಿ ಇಂಥ ಮೈಕಟ್ಟಿನ ಜೇಡಗಳು ಎದ್ದ ತೊಗಟೆಯ ಹಿಂದೆ, ಬಂಡೆಯ ಬಿರುಕಿನಲ್ಲಿ, ಒಣಗಿದ ಬಾಳೆಯ ಪಟ್ಟೆಯ ನಡುವೆ ಹಗಲು ಕಳೆಯುತ್ತವೆ. ಮನುಷ್ಯ ಮನೆ ಕಟ್ಟಿ ಅಂಥ ಸಂದಿಗಳನ್ನೇ ಸಾವಿರಗಟ್ಟಲೆ ಒದಗಿಸಿಕೊಟ್ಟಿದ್ದಾನೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ತೆರೆದ ಕಾರ್ಖಾನೆಯಿಂದ ಆರಂಭವಾಗಿ ಊರೂರಿಗೆ ಹರಡಿದ ಮಂಗಳೂರು ಹಂಚು, ಪಕ್ಕಾಸು ಮತ್ತು ರೀಪುಗಳ ಮೇಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವಾಗ ಪ್ರತಿ ಎರಡು ಹಂಚಿನ ನಡುವೆಯೂ ಈ ಜೇಡದ ಅಳತೆಗೆ ಸರಿಹೋಗುವ ಒಂದು ಜಾಗ ಉಳಿದುಬಿಡುತ್ತದೆ. ಕೆಳಗೆ ಬಂದರೆ ದೇವರ ಪಟದ ಹಿಂಬದಿ, ಗೋಡೆಗೆ ನೇತುಹಾಕಿದ ಕ್ಯಾಲೆಂಡರ್, ಬಾಗಿಲ ಚೌಕಟ್ಟು ಗೋಡೆ ಬಿಟ್ಟ ಸಂದಿ, ಅಟ್ಟದ ಮೇಲೆ ಪೇರಿಸಿದ ಗೋಣಿಚೀಲ, ಬಚ್ಚಲ ಒಲೆಯ ಪಕ್ಕದ ಸೌದೆ ರಾಶಿ, ಹೀಗೆ ಬೇಕಾದಷ್ಟು ತಾಣಗಳಿವೆ. ಹಗಲು ಅದು ಯಾರ ಕಣ್ಣಿಗೂ ಬೀಳದಿದ್ದರೆ ಮನೆಯಲ್ಲಿ ಇಲ್ಲವೆಂದು ಅರ್ಥವಲ್ಲ. ತಿಂಗಳಿಗೊಮ್ಮೆ ಕಂಡು ಬೆಚ್ಚಿಬೀಳಿಸುವ ಜೇಡ ಉಳಿದ ದಿನಗಳಲ್ಲೂ ಅದೇ ಕೋಣೆಯಲ್ಲೇ ಇದ್ದಿರುವ ಸಂಭವ ಹೆಚ್ಚು.

ಸ್ವೀಡನ್ನಿನ ಲಿನ್ನೇಯಸ್ ಈ ಜೇಡಕ್ಕೆ ಹೆಸರಿಟ್ಟದ್ದು 1767ರಲ್ಲಿ, ಅಂದರೆ ಶಾಸ್ತ್ರಕ್ಕೆ ಬಹು ಮೊದಲೇ ಪರಿಚಯವಾದ ಉಷ್ಣವಲಯದ ಜೇಡಗಳಲ್ಲಿ ಇದೂ ಒಂದು. ಮೂಲ ಏಷ್ಯಾದ ಉಷ್ಣ ಪ್ರದೇಶವೆಂದು ತಜ್ಞರು ಎಣಿಸುವ ಇದು, ಹಡಗುಗಳ ಸರಕಿನೊಳಗೆ ಸೇರಿಕೊಂಡು ಆಫ್ರಿಕ, ಕೆರಿಬಿಯನ್ ದ್ವೀಪಗಳು, ಹವಾಯಿ, ಫ್ಲೋರಿಡ ಹೀಗೆ ಭೂಮಧ್ಯರೇಖೆಯ ಎರಡೂ ಬದಿಯ ಬೆಚ್ಚನೆಯ ನಾಡುಗಳನ್ನೆಲ್ಲ ತಲುಪಿದೆ. ಬಾಳೆಗೊನೆಗಳ ನಡುವೆ ಸಿಕ್ಕುತ್ತಿದ್ದುದರಿಂದ ಅಮೆರಿಕದಲ್ಲಿ ಅದಕ್ಕೆ ಬಾಳೆಯ ಜೇಡವೆಂಬ ಹೆಸರೂ ಬಂತು. ಚಳಿಯನ್ನು ತಾಳಲಾರದ್ದರಿಂದ ಯೂರೋಪಿನಲ್ಲಿ ಗಾಜಿನ ಹಸಿರುಮನೆಗಳಂಥ ಬೆಚ್ಚನೆಯ ಕಟ್ಟಡಗಳಾಚೆ ಅದು ಬೇರೂರಲಿಲ್ಲ. ಅದರ ಪ್ರಿಯ ಆಹಾರವಾದ, ಮೋರಿಯಿಂದ ಹತ್ತಿ ಬರುವ ಕೆಂಗಂದು ಬಣ್ಣದ ದೊಡ್ಡ ಜಿರಳೆ ಕೂಡ ಇದೇ ರೀತಿ ಹಡಗೇರಿ ಲೋಕ ಸುತ್ತಿದ್ದು, ಅಮೆರಿಕನ್ ಜಿರಳೆ ಎಂಬ ಹೆಸರು ಹೊತ್ತಿದ್ದರೂ ಅದರ ಮೂಲ ಆಫ್ರಿಕ. ತಿನ್ನುವ ಪ್ರಾಣಿ ಮತ್ತು ತಿನ್ನಿಸಿಕೊಳ್ಳುವ ಪ್ರಾಣಿ ಎರಡೂ ಮನುಷ್ಯನ ವ್ಯಾಪಾರದ ಬೆನ್ನೇರಿಯೇ ಒಂದೇ ಬಚ್ಚಲಿಗೆ ಬಂದು ಸೇರಿವೆ.

ಕತ್ತಲಾದ ಮೇಲೆ ಸಂದಿಯಿಂದ ಹೊರಬರುವ ಜೇಡ ಮನೆಯೆಲ್ಲ ತಿರುಗಾಡುತ್ತದೆ ಎನ್ನುವುದಕ್ಕಿಂತ ಒಂದು ಆಯಕಟ್ಟಿನ ಜಾಗದಲ್ಲಿ ಕದಲದೆ ಕುಳಿತಿರುತ್ತದೆ ಎನ್ನುವುದು ಹೆಚ್ಚು ಸರಿ. ಕಣ್ಣು ಎಂಟಿದ್ದರೂ ಅದು ಬೇಟೆಗೆ ಬಹುಪಾಲು ನೆಚ್ಚಿಕೊಂಡಿರುವುದು ಕಾಲುಗಳನ್ನು. ಕಾಲ ಚಿಪ್ಪಿನ ಮೇಲಿರುವ ಸೂಕ್ಷ್ಮ ಸೀಳುಗಳು ಗೋಡೆಯ ಅದುರನ್ನು ಗ್ರಹಿಸುತ್ತವೆ, ಕಾಲ ಮೇಲೆ ನೆಟ್ಟಗೆ ನಿಂತಿರುವ ಎಳೆಗೂದಲುಗಳು ಗಾಳಿಯ ಅತಿ ಸಣ್ಣ ಅಲುಗಾಟಕ್ಕೂ ಬಾಗುತ್ತವೆ. ಜಿರಳೆಯ ಹೆಜ್ಜೆ ಹತ್ತಿರವಾದೊಡನೆ ಒಂದೇ ನೆಗೆತಕ್ಕೆ ಮೇಲೆ ಬಿದ್ದು, ಮುಂಗಾಲುಗಳಿಂದ ಅವುಚಿ, ವಿಷದ ಹಲ್ಲುಗಳನ್ನು ಊರುತ್ತದೆ. ಜೇಡಕ್ಕೆ ಗಟ್ಟಿ ಆಹಾರವನ್ನು ನುಂಗುವ ಬಾಯಿಲ್ಲ. ಜೀರ್ಣರಸವನ್ನು ಬೇಟೆಯ ಮೇಲೆಯೇ ಸುರಿಸಿ, ದವಡೆಯಿಂದ ಜಜ್ಜಿ, ಕರಗಿ ದ್ರವವಾದದ್ದನ್ನಷ್ಟೇ ಹೀರಿಕೊಳ್ಳುತ್ತದೆ. ಬೆಳಗ್ಗೆ ಕಸ ಗುಡಿಸುವಾಗ ಗೋಡೆಯ ಬುಡದಲ್ಲಿ ಸಿಗುವ ಜಿರಳೆಯ ರೆಕ್ಕೆ, ಮುಳ್ಳುಗಾಲು ಮತ್ತು ಕಸದಂಥ ಒಂದು ಸಣ್ಣ ಉಂಡೆ ಆ ಊಟದಲ್ಲಿ ಉಳಿದದ್ದು, ಅದರ ಮೇಲಿನ ಗೋಡೆಗೆ ಅಂಟಿರುವ ಬಿಳಿ ಚುಕ್ಕೆಗಳು ಜೇಡದ ಹಿಕ್ಕೆ.

ಜಿರಳೆಯಲ್ಲದೆ ಜೀರುಂಡೆ, ಚಿಮ್ಮಂಡೆ, ಪತಂಗ, ಒಮ್ಮೊಮ್ಮೆ ಮರಿಹಲ್ಲಿಯೂ ಅದಕ್ಕೆ ಆಹಾರವಾಗುತ್ತವೆ. ಬೆಳೆದ ಹಲ್ಲಿ ಎದುರಾದರೆ ಊಟ ಯಾರಿಗೆ, ಸಾವು ಯಾರಿಗೆ ಎಂಬುದು ಇಬ್ಬರ ಗಾತ್ರದ ಮೇಲೆ ಹೋಗುತ್ತದೆ. ಕೋಲ್ಕತ್ತದ ನಿಸರ್ಗತಜ್ಞ ಗೋಪಾಲಚಂದ್ರ ಭಟ್ಟಾಚಾರ್ಯ ಈ ಜೇಡ ಸಣ್ಣ ಬಾವಲಿಯೊಂದನ್ನು ಹಿಡಿದದ್ದನ್ನು 1941ರಲ್ಲೇ ದಾಖಲಿಸಿದ್ದಾರೆ. ಜೇಡಗಳು ಬಾವಲಿ ಹಿಡಿದ ಪ್ರಸಂಗಗಳನ್ನು ಜಗತ್ತಿನ ಎಲ್ಲ ಕಡೆಗಳಿಂದ ಒಟ್ಟುಮಾಡಿ 2013ರಲ್ಲಿ ಪ್ರಕಟವಾದ ಸಮೀಕ್ಷೆಗೆ ಸಿಕ್ಕದ್ದು 52 ವರದಿಗಳಷ್ಟೇ ಆದ್ದರಿಂದ ಇದು ದಿನನಿತ್ಯದ ಮಾತಲ್ಲ.

ಬೇಟೆಯ ವೇಗಕ್ಕೆ ಕಾರಣವಾದ ಕಾಲಿನ ಯಂತ್ರಾಂಗವನ್ನು ಕುರಿತು ಇಲ್ಲಿ ಒಂದು ಮಾತು ಹೇಳಬಹುದು. ಜೇಡದ ಕಾಲಿನ ಕೆಲವು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆಯೇ ಹೊರತು ಚಾಚುವ ಸ್ನಾಯುಗಳಿಲ್ಲ. ಜೇಡ ಶಿರೋವಕ್ಷದಿಂದ ದ್ರವವನ್ನು ಒತ್ತಡದಲ್ಲಿ ಕಾಲಿನೊಳಕ್ಕೆ ನೂಕಿ ಕಾಲನ್ನು ಚಾಚುತ್ತದೆ. ಸತ್ತ ಜೇಡದ ಕಾಲುಗಳೆಲ್ಲ ಹೊಟ್ಟೆಯಡಿಗೆ ಮುದುಡಿಕೊಂಡಿರುವುದು ಆ ಒತ್ತಡ ಇಲ್ಲವಾದದ್ದರಿಂದ. ಪಾದದ ತುದಿಯಲ್ಲಿ ಒತ್ತಾಗಿ ಬೆಳೆದ ಅತಿ ಸೂಕ್ಷ್ಮ ರೋಮಗಳು ಮೇಲ್ಮೈಯ ಅಣುಗಳಿಗೆ ತೀರ ಸಮೀಪ ತಾಗುವುದರಿಂದ ಹುಟ್ಟುವ ಆಕರ್ಷಣೆಯ ಬಲದಿಂದ, ಅಂಟು ಎಂಬುದೇನೂ ಇಲ್ಲದೆ, ಟೈಲ್ಸ್ ಹಾಕಿದ ಗೋಡೆಯ ಮೇಲೂ ಗಾಜಿನ ಮೇಲೂ ಅದು ನೆಲದ ಮೇಲೆ ಓಡಿದಷ್ಟೇ ಸರಾಗವಾಗಿ ಓಡುತ್ತದೆ.

ಹೆಣ್ಣು ಜೇಡ ನೂರಾರು ಮೊಟ್ಟೆಗಳನ್ನಿಟ್ಟು, ಅವನ್ನು ನೂಲಿನಿಂದ ಸುತ್ತಿ, ಹತ್ತು ರೂಪಾಯಿಯ ನಾಣ್ಯದಗಲದ ಬಿಳಿಯ ಚಪ್ಪಟೆ ಚೀಲವೊಂದನ್ನು ಸಿದ್ಧಪಡಿಸುತ್ತದೆ. ಬೇರೆ ಹಲವು ಜೇಡಗಳು ಚೀಲವನ್ನು ಬಲೆಯಲ್ಲೋ ಗೋಡೆಯಲ್ಲೋ ಅಂಟಿಸಿಬಿಟ್ಟರೆ ಈ ಹೆಣ್ಣು ಅದನ್ನು ಎದೆಯಡಿಗೆ ಇಟ್ಟುಕೊಂಡು, ಬಾಯಿಯ ಪಕ್ಕದಲ್ಲಿರುವ ಕಾಲಿನಂಥದೇ ಎರಡು ಸಣ್ಣ ಸ್ಪರ್ಶಾಂಗಗಳಿಂದ ತಬ್ಬಿ ಹಿಡಿದು, ಮರಿ ಹೊರಬರುವವರೆಗೆ ವಾರಗಟ್ಟಲೆ ಹೊತ್ತು ತಿರುಗುತ್ತದೆ. ಈ ಅವಧಿಯಲ್ಲಿ ಅದರ ಊಟವೂ ಓಡಾಟವೂ ಕಡಿಮೆ. ಗೋಡೆಯ ಮೇಲಿನ ಜೇಡ ಎದೆಯಡಿಯಲ್ಲಿ ಬಿಳಿ ಬಿಲ್ಲೆ ಇಟ್ಟುಕೊಂಡು ಒಂದೇ ಮೂಲೆಯಲ್ಲಿ ದಿನಗಟ್ಟಲೆ ಕುಳಿತಿದ್ದರೆ ಅದಕ್ಕೆ ಕಾಯಿಲೆಯೂ ಇಲ್ಲ, ಅದು ಏನನ್ನೋ ಕದ್ದೂ ತಂದಿಲ್ಲ. ಕೆಣಕಿದರೆ ಓಡಿಹೋಗುವ ಬದಲು ಮುಂಗಾಲೆತ್ತಿ ಎದುರು ನಿಲ್ಲುವುದು ಹೆಚ್ಚಾಗಿ ಇಂಥ ತಾಯಿ ಜೇಡವೇ. ಚೀಲದಿಂದ ಹೊರಬಿದ್ದ ನೂರಾರು ಮರಿಗಳು ಮನೆಯನ್ನೆಲ್ಲ ತುಂಬಿಬಿಡುತ್ತವೆಂಬ ಭಯಕ್ಕೆ ಆಧಾರ ಸಾಲದು. ಅವು ಚದುರಿಹೋಗುತ್ತವೆ, ಹಲ್ಲಿಗೂ ಇರುವೆಗೂ ತಮ್ಮದೇ ಒಡಹುಟ್ಟುಗಳಿಗೂ ತುತ್ತಾಗುತ್ತವೆ, ಬೆಳೆದು ದೊಡ್ಡದಾಗುವುದು ಬೆರಳೆಣಿಕೆಯಷ್ಟು.

ಹೊರಚಿಪ್ಪು ಹಿಗ್ಗುವಂಥದಲ್ಲವಾದ್ದರಿಂದ ಬೆಳೆಯುವ ಜೇಡ ಅದನ್ನು ಮತ್ತೆ ಮತ್ತೆ ಕಳಚಬೇಕಾಗುತ್ತದೆ. ಇದಕ್ಕೆ ಪೊರೆ ಬಿಡುವುದೆಂದೇ ಹೇಳುತ್ತಾರೆ. ತಲೆಕೆಳಗಾಗಿ ಜೋತುಬಿದ್ದು, ಶಿರೋವಕ್ಷದ ಮೇಲ್ಚಿಪ್ಪನ್ನು ಮುಚ್ಚಳದಂತೆ ಎಬ್ಬಿಸಿ, ಎಂಟು ಕಾಲುಗಳನ್ನೂ ಹಳೆಯ ಚಿಪ್ಪಿನಿಂದ ಎಳೆದುಕೊಂಡು ಹೊರಬರುವ ಈ ಕೆಲಸ ಮುಗಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದು ತೀರ ಅಸಹಾಯಕ. ಹಿಂದೆ ಕಿತ್ತುಹೋಗಿದ್ದ ಕಾಲು ಮೊದಲು ಚಿಕ್ಕದಾಗಿ ಮತ್ತೆ ಮೂಡುವುದೂ ಪೊರೆ ಬಿಡುವಾಗಲೇ. ಪುಸ್ತಕದ ಕಪಾಟಿನ ಹಿಂದೆಯೋ ಸಜ್ಜದ ಮೇಲೆಯೋ ಸಿಗುವ, ಕೂದಲು, ಉಗುರು, ಕಣ್ಣಿನ ಗುರುತುಗಳೆಲ್ಲ ಹಾಗೆಯೇ ಇರುವ, ಆದರೆ ಊದಿದರೆ ಹಾರಿಹೋಗುವಷ್ಟು ಹಗುರವಾದ ಜೇಡದ ಹೆಣ ನಿಜವಾಗಿ ಹೆಣವಲ್ಲ, ಕಳಚಿಬಿದ್ದ ಚಿಪ್ಪು. ಅದನ್ನು ಕಂಡು ಔಷಧ ಹೊಡೆದದ್ದು ಫಲಿಸಿತೆಂದು ಸಮಾಧಾನ ಪಡುವ ಮನೆಯವರಿಗೆ, ಅದರ ಒಡೆಯ ಒಂದು ಸುತ್ತು ದೊಡ್ಡದಾಗಿ ಅಲ್ಲೇ ಎಲ್ಲೋ ಇದೆಯೆಂದು ಹೇಳುವುದು ಕಷ್ಟದ ಕೆಲಸವೇ ಸರಿ.

ಇನ್ನು ಕಚ್ಚುವ ವಿಷಯ. ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ, ಆದರೆ ಅದು ಕೀಟಗಳ ನರಮಂಡಲಕ್ಕೆ ತಕ್ಕುದಾಗಿ ರೂಪುಗೊಂಡದ್ದು. ಕೈಯಲ್ಲಿ ಅದುಮಿದಾಗಲೋ ಬಟ್ಟೆಯೊಳಗೆ ಸಿಕ್ಕಿಕೊಂಡಾಗಲೋ ಈ ದೊಡ್ಡ ಜೇಡವೂ ಕಚ್ಚಬಹುದು. ಕಚ್ಚಿದ ಜಾಗ ಉರಿದು, ಸ್ವಲ್ಪ ಊದಿ, ಸಾಮಾನ್ಯವಾಗಿ ಅಷ್ಟಕ್ಕೇ ಇಳಿದುಹೋಗುತ್ತದೆ. ಆಸ್ಟ್ರೇಲಿಯದ ಜೆಫ್ರಿ ಇಸ್ಬಿಸ್ಟರ್ ಮತ್ತು ಮೈಕ್ ಗ್ರೇ, ಕಚ್ಚಿದ ಜೇಡವನ್ನು ಹಿಡಿದು ತಂದು ತಜ್ಞರಿಂದ ಗುರುತಿಸಿದ 750 ಪ್ರಕರಣಗಳನ್ನು ಮಾತ್ರ ಪರಿಗಣಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಚ್ಚು ನಂಬಬಹುದಾದದ್ದು. ವಿಷಕಾರಿ ಜೇಡಗಳಿಗೆ ಹೆಸರಾದ ಆ ದೇಶದಲ್ಲೂ 750ರಲ್ಲಿ ಒಂದೂ ಕೊಳೆಯುವ ಹುಣ್ಣಾಗಿ ಬೆಳೆಯಲಿಲ್ಲ, ಬೇಟೆಗಾರ ಜೇಡಗಳ ಕಡಿತ ಅಲ್ಪಕಾಲದ ನೋವಿನಾಚೆ ಹೋದದ್ದು ವಿರಳ. ಜೇಡ ಕಚ್ಚಿತೆಂದು ಹೇಳಿಕೊಂಡು ಬರುವ ಹುಣ್ಣುಗಳಲ್ಲಿ ಜೇಡವನ್ನು ಕಣ್ಣಾರೆ ಕಂಡವರು ಇರುವುದೇ ಅಪರೂಪ ಎಂಬ ಅಂಶವನ್ನು ವೈದ್ಯರೂ ರೋಗಿಗಳೂ ಸುಲಭವಾಗಿ ಮರೆತುಬಿಡುತ್ತಾರೆ.

ಕಡಿತಕ್ಕಿಂತಲೂ ಗಟ್ಟಿಯಾಗಿ ಬೇರೂರಿದ ನಂಬಿಕೆ, ಜೇಡ ಮೈಮೇಲೆ ಹರಿದರೆ ಇಲ್ಲವೇ ಮೂತ್ರ ಮಾಡಿದರೆ ಉರಿಗುಳ್ಳೆ ಏಳುತ್ತದೆ ಎಂಬುದು. ಬೆಳಗ್ಗೆ ಎದ್ದಾಗ ಕತ್ತಿನ ಮೇಲೆಯೋ ಕೆನ್ನೆಯ ಮೇಲೆಯೋ ಸುಟ್ಟ ಬರೆಯಂತೆ ಉದ್ದಕ್ಕೆ ಕೆಂಪಾಗಿ, ಮರುದಿನಕ್ಕೆ ನೀರುಗುಳ್ಳೆಯಾಗುವ ಈ ತೊಂದರೆ ಸುಳ್ಳಲ್ಲ. ಅದಕ್ಕೆ ಕಾರಣ ಮಾತ್ರ ಪೀಡೆರಸ್ ಎಂಬ ಒಂದು ಜೀರುಂಡೆ. ಒಂದು ಸೆಂಟಿಮೀಟರಿಗಿಂತ ಉದ್ದವಿರದ, ಕಿತ್ತಳೆ ಮತ್ತು ಕಪ್ಪು ಪಟ್ಟಿಗಳ, ಮೇಲುನೋಟಕ್ಕೆ ಇರುವೆಯಂತೆ ಕಾಣುವ ಈ ಹುಳು ಗದ್ದೆ ಬಯಲಿನ ಜೌಗಿನಲ್ಲಿ ಬೆಳೆಯುತ್ತದೆ, ಭತ್ತದ ಜಿಗಿಹುಳುಗಳನ್ನು ತಿಂದು ರೈತನಿಗೆ ಉಪಕಾರವನ್ನೂ ಮಾಡುತ್ತದೆ, ಮಳೆಗಾಲದ ಹೊತ್ತಿಗೆ ಸಂಜೆಯ ದೀಪಕ್ಕೆ ಮುತ್ತಿಕೊಂಡು ಮನೆ, ಹಾಸ್ಟೆಲ್, ಆಸ್ಪತ್ರೆಗಳನ್ನು ಹೊಗುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದರ ಮೈರಸದಲ್ಲಿ, ಒಳಗೆ ವಾಸಿಸುವ ಬ್ಯಾಕ್ಟೀರಿಯ ತಯಾರಿಸುವ ಪೆಡೆರಿನ್ ಎಂಬ ತೀಕ್ಷ್ಣ ವಿಷವಿದ್ದು, ನಿದ್ದೆಯಲ್ಲಿ ಕುತ್ತಿಗೆಯ ಮೇಲೆ ಹರಿಯುತ್ತಿರುವ ಹುಳುವನ್ನು ಕೈಯಿಂದ ಉಜ್ಜಿದಾಗ ಆ ರಸ ಚರ್ಮದ ಮೇಲೆ ಗೀರಿನಂತೆ ಹರಡುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನ ಕಳೆದ ಮೇಲಾದ್ದರಿಂದ, ಹುಳು ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ಆಗ ತಲೆಯೆತ್ತಿ ನೋಡಿದವರ ಕಣ್ಣಿಗೆ ಬೀಳುವುದು ಗೋಡೆಯ ಮೇಲೆ ನಿಶ್ಚಿಂತೆಯಿಂದ ಕುಳಿತ ಜೇಡ, ಅಪವಾದ ಅದರ ತಲೆಗೆ ಕಟ್ಟುತ್ತದೆ.

ತುಟಿಯಂಚಿನಲ್ಲಿ ಗುಂಪಾಗಿ ಏಳುವ ಸಣ್ಣ ಗುಳ್ಳೆ ಹಾಗೂ ಮೈಯ ಒಂದು ಮಗ್ಗುಲಲ್ಲಿ ಪಟ್ಟಿಯಾಗಿ ಕಾಣಿಸಿಕೊಳ್ಳುವ ಸರ್ಪಸುತ್ತು ಹರ್ಪಿಸ್ ಗುಂಪಿನ ವೈರಸ್‌ಗಳಿಂದ ಬರುವಂಥವು, ಅವುಗಳಿಗೂ ಜೇಡಕ್ಕೂ ಸಂಬಂಧವಿಲ್ಲ. ಈ ತಪ್ಪು ಆರೋಪದಿಂದ ಜೇಡಕ್ಕಾಗುವ ನಷ್ಟಕ್ಕಿಂತ ಮನುಷ್ಯನಿಗಾಗುವುದೇ ದೊಡ್ಡದು. ಪೀಡೆರಸ್ ಮೈಮೇಲೆ ಕಂಡಾಗ ಉಜ್ಜದೆ ಊದಿ ಹಾರಿಸಬೇಕು, ಉಜ್ಜಿದ್ದರೆ ತಕ್ಷಣ ಸೋಪಿನಿಂದ ತೊಳೆಯಬೇಕು, ಮಲಗುವ ಹಾಸಿಗೆಯ ನೇರ ಮೇಲೆ ದೀಪ ಉರಿಸಬಾರದು ಎಂಬ ಸರಳ ವಿಷಯಗಳನ್ನು ಬಿಟ್ಟು ಜನ ಗೋಡೆಗೆ ಪೊರಕೆ ಬೀಸುತ್ತಿರುತ್ತಾರೆ. ಸರ್ಪಸುತ್ತಿಗಂತೂ ಬೇಗ ಔಷಧ ಶುರುಮಾಡಿದಷ್ಟೂ ಗುಣ ಹೆಚ್ಚು. ಜೇಡ ಹರಿದದ್ದೆಂದು ಮನೆಯಲ್ಲೇ ಕೂತರೆ ಆ ದಿನಗಳು ಕೈತಪ್ಪುತ್ತವೆ.

ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಸೇರಿಸಬೇಕು. ಸಹ್ಯಾದ್ರಿಯ ತಪ್ಪಲಿನ ತೋಟದ ಮನೆಗಳಲ್ಲಿ ಅಪರೂಪಕ್ಕೆ ಪೊಯಿಸಿಲೋತೀರಿಯ ಕುಲದ, ಮರದ ಪೊಟರೆಗಳಲ್ಲಿ ವಾಸಿಸುವ ಟರಾಂಟುಲ ಜೇಡಗಳು ಒಳಗೆ ಬರುವುದುಂಟು. ದಪ್ಪ ರೋಮಗಳ ಕಾಲು, ಬೂದು ಕಪ್ಪಿನ ಚಿತ್ತಾರದ ಬೆನ್ನು, ಚಪ್ಪಟೆಯಲ್ಲದ ಭಾರಿ ಮೈ ಇವುಗಳಿಂದ ಅವನ್ನು ಸುಲಭವಾಗಿ ಬೇರೆ ಮಾಡಿ ನೋಡಬಹುದು. ಅವು ಕಚ್ಚಿದರೆ ತೀವ್ರ ನೋವಿನ ಜೊತೆಗೆ ದಿನಗಟ್ಟಲೆ ಮಾಂಸಖಂಡಗಳು ಸೆಳೆಯುವುದಾದ್ದರಿಂದ ಬರಿಗೈ ಹಾಕಬಾರದು, ಕಚ್ಚಿದ್ದರೆ ಆಸ್ಪತ್ರೆಗೆ ಹೋಗಬೇಕು.

ದೊಡ್ಡ ಜೇಡ ಮನೆಯ ಜಿರಳೆಗಳನ್ನೆಲ್ಲ ತಿಂದು ಮುಗಿಸುತ್ತದೆ, ಆದ್ದರಿಂದ ಅದನ್ನು ಸಾಕಿಕೊಳ್ಳಬೇಕು ಎಂಬ ಉತ್ಸಾಹದ ಮಾತನ್ನೂ ಈಚೆಗೆ ಪರಿಸರಪ್ರಿಯರು ಹೇಳುತ್ತಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಅದು ಜಿರಳೆ ತಿನ್ನುವುದು ನಿಜ, ಆದರೆ ಒಮ್ಮೆ ಹೊಟ್ಟೆ ತುಂಬಿದರೆ ದಿನಗಟ್ಟಲೆ ಉಪವಾಸವಿರಬಲ್ಲ, ತನ್ನ ಜಾತಿಯ ಇನ್ನೊಂದನ್ನು ಹತ್ತಿರ ಸೇರಿಸದ ಈ ಒಂಟಿ ಬೇಟೆಗಾರ ಮೋರಿಯೊಳಗೆ ನೂರುಗಟ್ಟಲೆ ಮರಿ ಮಾಡುವ ಜಿರಳೆಯ ಸಂಸಾರವನ್ನು ನಿರ್ಮೂಲ ಮಾಡುವುದು ಸಾಧ್ಯವಿಲ್ಲ. ಮನೆಯಲ್ಲಿ ಕೊಬ್ಬಿದ ಜೇಡವೊಂದು ಇದೆಯೆಂದರೆ ಅದಕ್ಕೆ ಸಾಕಷ್ಟು ಮೇವು ಸಿಗುತ್ತಿದೆಯೆಂದೇ ತಿಳಿಯಬೇಕು. ಜೇಡವನ್ನು ಹೊರಗೆ ಹಾಕಿ ಜಿರಳೆಯನ್ನು ಹಾಗೆಯೇ ಬಿಟ್ಟರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಜೇಡ ಬರುತ್ತದೆ, ಅಷ್ಟೆ.

ಬೆಂಗಳೂರಿನಂಥ ನಗರದ ಅಪಾರ್ಟ್‌ಮೆಂಟುಗಳಲ್ಲಿ ಈ ಚಿತ್ರ ಬದಲಾಗಿದೆ. ಹಂಚು ಹೋಗಿ ಕಾಂಕ್ರೀಟ್ ಬಂದು, ಕಿಟಕಿಗೆ ಸೊಳ್ಳೆ ಜಾಲರಿ ಬಿದ್ದು, ಗೋಡೆಗೆ ಒತ್ತಿದ ಕಪಾಟುಗಳಲ್ಲಿ ಸಂದಿ ಉಳಿಯದಿರುವಾಗ ದೊಡ್ಡ ಜೇಡಕ್ಕೆ ಅಲ್ಲಿ ಜಾಗವಿಲ್ಲ. ಜಿರಳೆಗೆ ಇದೆ: ಫ್ರಿಜ್ಜಿನ ಮೋಟಾರು, ಮಿಕ್ಸಿಯ ತಳ, ಗ್ಯಾಸ್ ಒಲೆಯ ಅಡಿಭಾಗಗಳಲ್ಲಿ ನೆಲೆಸುವ ಒಂದೂವರೆ ಸೆಂಟಿಮೀಟರಿಗೂ ಕಡಿಮೆ ಉದ್ದದ ಜರ್ಮನ್ ಜಿರಳೆ ಅಡುಗೆಮನೆಗಳನ್ನು ಆಳುತ್ತಿದೆ. ಈ ಜಿರಳೆ ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿ ಏಷ್ಯನ್ ಜಿರಳೆಯಿಂದ ಕವಲೊಡೆಯಿತೆಂದು 2024ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ತೋರಿಸಿದ್ದು, ಜರ್ಮನಿಯ ಪಾಲಿಗೆ ಹೆಸರಿನ ಕಳಂಕವಷ್ಟೇ ಉಳಿದಿದೆ. ಇಂಥ ಮನೆಗಳಲ್ಲಿ ದೊಡ್ಡ ಜೇಡ ಕಾಣದಿರುವುದನ್ನು ಹುಳುಹುಪ್ಪಟೆಯಿಲ್ಲದ ಮನೆಯ ಲಕ್ಷಣವೆಂದು ಭಾವಿಸುವಂತಿಲ್ಲ.

ಜೇಡವನ್ನು ಕಂಡೊಡನೆ ಸ್ಪ್ರೇ ಡಬ್ಬಿಗೆ ಕೈಹಾಕುವುದು ಅತ್ಯಂತ ನಿಷ್ಪ್ರಯೋಜಕ ಮಾರ್ಗ. ಡಬ್ಬಿಯೊಳಗಿನ ಪೈರೆಥ್ರಾಯಿಡ್ ಎಂಬ ರಾಸಾಯನಿಕ ನರಗಳನ್ನು ಕೆಡಿಸುವಂಥದ್ದು. ಅದು ತಗುಲಿದ ಜೇಡ ಅಲ್ಲೇ ಸಾಯದೆ ಹಿಡಿತ ತಪ್ಪಿ ಗೋಡೆಯಿಂದ ಕೆಳಗೆ ಬೀಳುತ್ತದೆ, ದಿಕ್ಕೆಟ್ಟು ಓಡುತ್ತದೆ, ಮನೆಯವರು ಹೆದರುತ್ತಿದ್ದುದು ಯಾವುದಕ್ಕೋ ಅದೇ ನಡೆಯುತ್ತದೆ. ಪೊರಕೆ ಎತ್ತಿದಾಗಲೂ ಅಷ್ಟೇ: ಕಾಲ ಮೇಲಿನ ಎಳೆಗೂದಲಿಗೆ ಪೊರಕೆಗಿಂತ ಮೊದಲು ಅದರ ಗಾಳಿ ತಲುಪುವುದರಿಂದ ಏಟು ಬೀಳುವಷ್ಟರಲ್ಲಿ ಜೇಡ ಮೂರಡಿ ಆಚೆ ಇರುತ್ತದೆ. ಜೇಡ ಮೈಮೇಲೆ ನುಗ್ಗಿಬಂತು ಎಂದು ಹೇಳುವವರು, ಕತ್ತಲ ಸಂದಿಯನ್ನು ಹುಡುಕಿ ಓಡುತ್ತಿದ್ದ ಅದರ ದಾರಿಯಲ್ಲಿ ತಾವು ನಿಂತಿದ್ದದ್ದನ್ನು ಗಮನಿಸಿರುವುದಿಲ್ಲ.

ಭಯ ಇದ್ದೇ ಇರುತ್ತದೆ, ತರ್ಕದಿಂದ ಅದು ಹೋಗುವುದಿಲ್ಲ. ಜೇಡ ಕಂಡ ಕೋಣೆಯಲ್ಲಿ ಮಲಗಲಾರದಷ್ಟು, ಉಸಿರು ಕಟ್ಟುವಷ್ಟು ಅಂಜಿಕೆ ಇರುವವರಿಗೆ ಮನೋವೈದ್ಯರಲ್ಲಿ ಚಿಕಿತ್ಸೆಯಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ವಿಧಾನದಲ್ಲಿ ಮೂರು ಗಂಟೆ ಮೀರದ ಒಂದೇ ಕೂಟದಲ್ಲಿ, ರೋಗಿಯ ಒಪ್ಪಿಗೆಯ ಮೇಲೆ, ಜೇಡದ ಹತ್ತಿರಕ್ಕೆ ಹಂತಹಂತವಾಗಿ ಕರೆದೊಯ್ಯಲಾಗುತ್ತದೆ, ಹಲವರಿಗೆ ಅಷ್ಟರಲ್ಲೇ ಗುಣ ಕಾಣುತ್ತದೆ. ಈ ಭಯವನ್ನು ಹಣ ಮಾಡಿಕೊಂಡ ಹಾಲಿವುಡ್ಡಿನ ಅರಾಕ್ನೋಫೋಬಿಯ ಎಂಬ 1990ರ ಚಿತ್ರದಲ್ಲಿ ಊರಿಗೆ ಊರನ್ನೇ ಕೊಲ್ಲುವ ಪಾತ್ರಕ್ಕೆ ಬಳಸಿದ ಜೇಡಗಳು, ಆಸ್ಟ್ರೇಲಿಯ ಮೂಲದ, ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಏವನ್‌ಡೇಲ್ ಬಡಾವಣೆಯಲ್ಲಿ ನೆಲೆಯಾದ ಬೇಟೆಗಾರ ಜೇಡಗಳು. ದೊಡ್ಡದಾಗಿಯೂ ಕಾಣಬೇಕು, ನಟನಟಿಯರಿಗೆ ಅಪಾಯವೂ ಆಗಬಾರದು ಎಂಬ ಷರತ್ತಿಗೆ ಸರಿಹೊಂದಿದ್ದು ಅವೇ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಕಾರಿನ ಬಿಸಿಲು ಮರೆಯ ಹಿಂದೆ ಸಿಗುವುದು ಇದೇ ಕುಟುಂಬದ ಜೇಡಗಳಾಗಿದ್ದು, ಅಲ್ಲಿನ ಅಪಾಯ ಕಡಿತದ್ದಲ್ಲ, ಓಡುವ ಕಾರಿನಲ್ಲಿ ಸ್ಟಿಯರಿಂಗ್ ಬಿಡುವುದರದ್ದು.

ಹಾಗಿದ್ದೂ ಮಕ್ಕಳ ಕೋಣೆಯಲ್ಲೋ ಅಡುಗೆಮನೆಯಲ್ಲೋ ಜೇಡ ಬೇಡವೆನ್ನುವುದು ತಪ್ಪಲ್ಲ. ಹಿಡಿದು ಬಿಡುವುದಕ್ಕೆ ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದು ಮತ್ತು ಗಟ್ಟಿ ಕಾಗದವೊಂದು ಸಾಕು. ಹಳೆಯ ಮದುವೆ ಕರೆಯೋಲೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ. ಡಬ್ಬಿಯನ್ನು ಬೀಸದೆ, ಗಾಳಿ ಅಲುಗದಷ್ಟು ನಿಧಾನವಾಗಿ ಗೋಡೆಯತ್ತ ತಂದು, ಕೊನೆಯ ಗೇಣಿನಲ್ಲಿ ಮಾತ್ರ ಚುರುಕಾಗಿ ಮುಚ್ಚಬೇಕು. ಡಬ್ಬಿಯ ಬಾಯಿ ಚಾಚಿದ ಕಾಲಿಗಿಂತ ಚಿಕ್ಕದಾಗಿದ್ದರೆ ಅಂಚಿಗೆ ಸಿಕ್ಕ ಕಾಲನ್ನು ಜೇಡ ಅಲ್ಲೇ ಕಳಚಿಬಿಟ್ಟು ಪರಾರಿಯಾಗುತ್ತದೆ. ಕಾಗದವನ್ನು ಗೋಡೆಗೂ ಡಬ್ಬಿಗೂ ನಡುವೆ ತೂರಿಸಿ, ಕೊಟ್ಟಿಗೆ, ಸೌದೆಮನೆ ಅಥವಾ ಕಾಂಪೌಂಡಿನ ಮರದ ಬುಡಕ್ಕೆ ಒಯ್ದು ಬಿಡಬಹುದು. ಬಿಳಿ ಚೀಲ ಹೊತ್ತ ಹೆಣ್ಣನ್ನು ಆದಷ್ಟು ಇದ್ದಲ್ಲೇ ಬಿಟ್ಟು, ತೆಗೆಯಲೇಬೇಕಾದರೆ ಚೀಲ ಜಾರದಂತೆ ಒಯ್ಯುವುದು ಮೇಲು. ಮತ್ತೆ ಬಾರದಿರಬೇಕಾದರೆ ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ, ಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ, ರಾತ್ರಿ ಮುಸುರೆ ಪಾತ್ರೆ ಉಳಿಸದ ಅಡುಗೆಮನೆ, ಹೊರಬಾಗಿಲಿನ ಮೇಲೆ ಹುಳುಗಳನ್ನು ಕಡಿಮೆ ಸೆಳೆಯುವ ಹಳದಿ ದೀಪ, ಇಷ್ಟನ್ನು ನೋಡಿಕೊಳ್ಳಬೇಕಾಗುತ್ತದೆ. ಇವೆಲ್ಲ ಜಿರಳೆಗೆ ಮಾಡುವ ಏರ್ಪಾಡುಗಳೇ. ಅಷ್ಟು ಮಾಡಿದ ಮೇಲೆಯೂ ಹಂಚಿನ ಮನೆಯಲ್ಲಿ ಮಳೆಗಾಲಕ್ಕೆ ಒಂದೆರಡು ಜೇಡ ಉಳಿದೇ ಉಳಿಯುತ್ತವೆ. ಅವನ್ನು ಬಚ್ಚಲಿನ ಸೂರಿಗೆ ಬಿಟ್ಟುಕೊಡುವುದೇ ಮಲೆನಾಡಿನ ಬಹಳಷ್ಟು ಮನೆಗಳ ರೂಢಿ.